ಅರ್ಬುದರೋಗದ ನಿದಾನವಿಳಂಬ ಮತ್ತು ನಷ್ಟಪರಿಹಾರ ವ್ಯಾಜ್ಯಗಳು

ಕ್ಯಾನ್ಸರ್ ಎಂದು ಬಳಕೆಯಲ್ಲಿರುವ ಅರ್ಬುದರೋಗವನ್ನು ಸಕಾಲದಲ್ಲಿ ಗುರುತಿಸದೆ, ಅದು ಹುಟ್ಟಿದೆಡೆಯಿಂದ ದುಗ್ಧರಸ ಗ್ರಂಥಿಗಳಿಗೂ ದೂರದ ಅಂಗಗಳಿಗೂ ಹಬ್ಬಲು ಆಸ್ಪದವಿತ್ತನೆಂದು ವೈದ್ಯನ ಮೇಲೆ ರೋಗಿಯಾಗಲಿ ಅವನ ವಾರಸುದಾರರಾಗಲಿ ಹೂಡುವ ಸಿವಿಲ್ ದಾವೆಗಳು ಈ ವರ್ಗಕ್ಕೆ ಸೇರುತ್ತವೆ. ಸ್ತನ, ಶ್ವಾಸಕೋಶ ಹಾಗೂ ದೊಡ್ಡಕರುಳಿನ ಅರ್ಬುದಗಳು ಇವುಗಳಿಗೆ ಮೇಲಿಂದ ಮೇಲೆ ವಸ್ತುವಾಗಿವೆ.

ವೈದ್ಯನ ಹೊಣೆ

ಗಂಟಿನೊಡನೆ ಬಂದವಳನ್ನು ಬಯಾಪ್ಸಿಗೆ ಕಳುಹಿಸದಿರುವುದು, ಮಲದಲ್ಲಿ ಕಂಡ ರಕ್ತವನ್ನು ಪರೀಕ್ಷಿಸದೆಯೇ ಮೂಲವ್ಯಾಧಿಯೆಂದು ನಿರ್ಣಯಿಸುವುದು, ಎಕ್ಸ್-ರೇಯಲ್ಲಿ ತೋರಿದ ಛಾಯೆಯ ವರದಿಯು ರೋಗಿಗೆ ತಲುಪದಿರುವುದು ಸಾಮಾನ್ಯ ಆರೋಪಗಳು. ಜವಾಬ್ದಾರಿಯುತ ವೈದ್ಯಸಮೂಹವೊಂದು ಒಪ್ಪುವ ರೀತಿಯಲ್ಲಿ ನಡೆದುಕೊಂಡವನು ದೋಷಿಯಲ್ಲವೆಂಬ 1957ರ ಇಂಗ್ಲೆಂಡಿನ ಬೋಲಮ್ ತೀರ್ಪಿನ ತತ್ತ್ವಕ್ಕೆ, ಆ ಸಮೂಹದ ಅಭಿಪ್ರಾಯವೂ ತರ್ಕಕ್ಕೆ ನಿಲ್ಲತಕ್ಕದ್ದೆಂಬ ಮಿತಿಯನ್ನು 1997ರ ಬೊಲಿಥೊ ತೀರ್ಪು ವಿಧಿಸಿತು.

ಕಾರಣಸಂಬಂಧದ ಸಮಸ್ಯೆ

ಬಹುಪಾಲು ದಾವೆಗಳು ಸೋಲುವುದು ದೋಷವನ್ನು ತೋರಿಸುವಲ್ಲಿ ಅಲ್ಲ, ಆ ದೋಷದಿಂದಲೇ ಹಾನಿಯಾಯಿತೆಂದು ತೋರಿಸುವಲ್ಲಿ ಎಂದು ಹೇಳಿದರೆ ಪ್ರಾಯಶಃ ತಪ್ಪಾಗಲಾರದು. ಒಂದು ಸೆಂಟಿಮೀಟರಿನ ಗಂಟಿನಲ್ಲಿ ಸುಮಾರು 100 ಕೋಟಿ ಜೀವಕೋಶಗಳಿರುತ್ತವೆಂದೂ, ಒಂದೇ ಕೋಶವು ಸುಮಾರು 30 ಬಾರಿ ಇಮ್ಮಡಿಸಿ ಆ ಗಾತ್ರವನ್ನು ಮುಟ್ಟುತ್ತದೆಂದೂ ರೂಢಿಯ ಅಂದಾಜು. ಎಂದರೆ, ಬೆರಳಿಗೆ ಸಿಕ್ಕುವ ಹೊತ್ತಿಗೆ ರೋಗವು ತನ್ನ ಆಯುಷ್ಯದ ಬಹುಭಾಗವನ್ನು ಕಳೆದಿರುತ್ತದೆ, ಮತ್ತು ಕಣ್ಣಿಗೆ ಕಾಣದ ಕಣಗಳು ಆಗಲೇ ಬೇರೆಡೆಗೆ ಸೇರಿರಲೂಬಹುದು. ಆದಕಾರಣ, ವಿಳಂಬವಾಗದಿದ್ದರೂ ಫಲ ಇದೇ ಆಗುತ್ತಿದ್ದಿತೆಂಬುದು ಪ್ರತಿವಾದಿಯ ಸಿದ್ಧ ಉತ್ತರ. ಫ್ರಾನ್ಸಿನ ಪಿಯೆರ್ ದೆನ್ವಾ 1943ರಿಂದ 1952ರ ಅವಧಿಯಲ್ಲಿ ರೂಪಿಸಿದ, ಗಡ್ಡೆ, ಗ್ರಂಥಿ, ದೂರಪ್ರಸರಣಗಳನ್ನು ಅಳೆಯುವ ಟಿ-ಎನ್-ಎಂ ವರ್ಗೀಕರಣವು ಹಂತಹಂತದ ಬದುಕುಳಿವಿನ ಪ್ರಮಾಣಗಳನ್ನು ನ್ಯಾಯಾಲಯದ ಮುಂದಿಡಲು ನೆರವಾಯಿತಾದರೂ, ಆ ಪ್ರಮಾಣಗಳು ಸಮೂಹವನ್ನು ಕುರಿತವು. ಎದುರಿಗಿರುವ ಒಬ್ಬ ರೋಗಿಯನ್ನು ಕುರಿತವಲ್ಲ.

ಈ ತೊಡಕು ಪೂರ್ಣರೂಪದಲ್ಲಿ ಪ್ರಕಟವಾದದ್ದು ಇಂಗ್ಲೆಂಡಿನ ಗ್ರೆಗ್ ಎದುರು ಸ್ಕಾಟ್ ಮೊಕದ್ದಮೆಯಲ್ಲಿ. 1994ರ ನವೆಂಬರಿನಲ್ಲಿ ಎಡಗಂಕುಳಿನ ಗಂಟನ್ನು ತೋರಿಸಿದ ರೋಗಿಗೆ ವೈದ್ಯರು ಅದು ನಿರುಪದ್ರವಿಯಾದ ಕೊಬ್ಬಿನ ಗಂಟೆಂದು ತಿಳಿಸಿದರು. ಮುಂದೆ ಅದು ದುಗ್ಧರಸ ಗ್ರಂಥಿಗಳ ಅರ್ಬುದವೆಂದು ಸಿದ್ಧವಾಗುವ ವೇಳೆಗೆ ಚಿಕಿತ್ಸೆಗೆ ಸುಮಾರು ಒಂಬತ್ತು ತಿಂಗಳ ವಿಳಂಬವಾಗಿದ್ದು, ರೋಗವು ಎದೆಯೊಳಕ್ಕೆ ಹಬ್ಬಿತು. ಹತ್ತು ವರ್ಷ ಬದುಕುವುದನ್ನೇ ಗುಣಹೊಂದುವುದೆಂದೆಣಿಸಿ, ಆ ಸಂಭವವು ನೂರಕ್ಕೆ 42ರಿಂದ 25ಕ್ಕೆ ಇಳಿಯಿತೆಂದು ವಿಚಾರಣಾ ನ್ಯಾಯಾಧೀಶರು ಕಂಡುಕೊಂಡರು. ಆದರೆ 42 ಎಂಬುದು ಅರ್ಧಕ್ಕಿಂತ ಕಡಿಮೆಯಾದ್ದರಿಂದ, ಸಕಾಲದಲ್ಲಿ ಚಿಕಿತ್ಸೆ ದೊರೆತಿದ್ದರೂ ಅವರು ಗುಣಹೊಂದದಿರುವ ಸಂಭವವೇ ಹೆಚ್ಚೆಂದು ಭಾವಿಸಿ ದಾವೆಯನ್ನು ವಜಾ ಮಾಡಲಾಯಿತು. 2005ರ ಜನವರಿಯಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂವರ ಬಹುಮತದಿಂದ ಇದನ್ನೇ ಎತ್ತಿಹಿಡಿಯಿತು. ಕಳೆದುಹೋದ ಅವಕಾಶದ ಪ್ರಮಾಣಕ್ಕೆ ತಕ್ಕಷ್ಟು ಪರಿಹಾರ ಕೊಡುವ ನಿಯಮವನ್ನು ತಂದರೆ, ಶೇಕಡಾ 51ನ್ನು ಸಾಧಿಸಿ ಇಂದು ಪೂರ್ಣ ಪರಿಹಾರ ಪಡೆಯುವ ರೋಗಿಯೂ ಅಂಶಮಾತ್ರಕ್ಕೆ ಇಳಿದಾನೆಂಬುದು ಬ್ಯಾರನೆಸ್ ಹೇಲ್ ಅವರ ಶಂಕೆ. ವಾದಿಯು ಅಷ್ಟು ವರ್ಷಗಳ ಅನಂತರವೂ ಜೀವಂತವಾಗಿದ್ದುದು ಲಾರ್ಡ್ ಫಿಲಿಪ್ಸ್ ಅವರಿಗೆ ಅಂಕಿಗಳ ಮೇಲಣ ಭರವಸೆಯನ್ನೇ ಕುಗ್ಗಿಸಿತು. ಭಿನ್ನಮತ ತಳೆದ ಇಬ್ಬರಲ್ಲಿ ಲಾರ್ಡ್ ನಿಕೊಲ್ಸ್, ಅರ್ಧಕ್ಕಿಂತ ಕೊಂಚ ಕಡಿಮೆಯಿದ್ದ ಆಸೆಯನ್ನು ಕಳೆದುಕೊಂಡವನ ನಷ್ಟವು ಕೊಂಚ ಹೆಚ್ಚಿದ್ದುದನ್ನು ಕಳೆದುಕೊಂಡವನ ನಷ್ಟದಷ್ಟೇ ನಿಜವಾದುದೆಂದರು. ಮುನ್ಸೂಚನೆ ಕೆಟ್ಟಿರುವ ರೋಗಿಯ ವಿಷಯದಲ್ಲಿ ವೈದ್ಯನ ಕರ್ತವ್ಯವು ಪರಿಹಾರವಿಲ್ಲದ ಬರಿಯ ಮಾತಾಗಬಾರದೆಂಬ ಈ ನಿಲುವಿಗೆ ಬಹುಮತದ ತೀರ್ಪಿನಲ್ಲಿ ಸಮರ್ಪಕವಾದ ಉತ್ತರ ದೊರೆತಂತೆ ತೋರುವುದಿಲ್ಲ.

ಅಮೆರಿಕದ ಹಲವು ರಾಜ್ಯಗಳು ಬೇರೆ ದಾರಿ ಹಿಡಿದಿವೆ. ಶ್ವಾಸಕೋಶದ ಅರ್ಬುದವನ್ನು ತಡವಾಗಿ ಗುರುತಿಸಿದ್ದರಿಂದ ಐದು ವರ್ಷ ಬದುಕುವ ಸಂಭವವು 39ರಿಂದ 25ಕ್ಕೆ ಇಳಿದ ಹರ್ಸ್‌ಕೊವಿಟ್ಸ್ ಪ್ರಕರಣದಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ದಾವೆ ಮುಂದುವರಿಯಲು ಅವಕಾಶವಿತ್ತಿತು. ಮ್ಯಾಸಚುಸೆಟ್ಸಿನಲ್ಲಿ 2008ರಲ್ಲಿ ನಿರ್ಣಯವಾದ, ಜಠರದ ಅರ್ಬುದವನ್ನು ಕುರಿತ ಮತ್ಸುಯಾಮ ಪ್ರಕರಣದಲ್ಲಿ ಮರಣದ ಪೂರ್ಣ ಪರಿಹಾರವನ್ನು 8,75,000 ಡಾಲರೆಂದು ಅಂದಾಜಿಸಿ, ಕಳೆದುಹೋದ ಶೇಕಡಾ 37.5ರ ಅವಕಾಶದಿಂದ ಅದನ್ನು ಗುಣಿಸಿ, 3,28,125 ಡಾಲರುಗಳನ್ನು ಆ ಬಾಬ್ತಿಗೆ ನಿಗದಿಪಡಿಸಲಾಯಿತು.

ಕಾಲಮಿತಿ

ರೋಗವು ಮೌನವಾಗಿ ಬೆಳೆಯುವುದರಿಂದ, ದಾವೆಯ ಅವಧಿ ತೀರಿದ ಮೇಲೆಯೇ ತಪ್ಪು ಬೆಳಕಿಗೆ ಬರುವುದುಂಟು. ಲವರ್ನ್ ವಿಲ್ಕಿನ್ಸನ್ ಎಂಬ ನ್ಯೂಯಾರ್ಕಿನ ಮಹಿಳೆಗೆ 2010ರ ಎಕ್ಸ್-ರೇಯಲ್ಲಿ ಕಂಡ ಶಂಕಾಸ್ಪದ ಗಂಟಿನ ವಿಷಯವನ್ನು ತಿಳಿಸಿರಲಿಲ್ಲ. ಅರ್ಬುದವೆಂದು ಗೊತ್ತಾಗುವ ವೇಳೆಗೆ ಅವಧಿ ಮುಗಿದಿದ್ದಿತು. 2013ರಲ್ಲಿ ತೀರಿಕೊಂಡ ಆಕೆಯ ಹೆಸರಿನಲ್ಲಿ 2018ರಲ್ಲಿ ಜಾರಿಗೆ ಬಂದ ಶಾಸನವು ಅರ್ಬುದದ ನಿದಾನಲೋಪಗಳಲ್ಲಿ ಎರಡೂವರೆ ವರ್ಷದ ಗಡುವನ್ನು ತಪ್ಪು ತಿಳಿದುಬಂದ, ಅಥವಾ ತಿಳಿಯಬೇಕಾಗಿದ್ದ, ದಿನದಿಂದ ಎಣಿಸುವಂತೆ ಮಾಡಿ, ಏಳು ವರ್ಷಗಳ ಪರಮಾವಧಿಯನ್ನಿಟ್ಟಿತು.

ಭಾರತದಲ್ಲಿ

ಹಣ ಪಡೆದು ಮಾಡುವ ವೈದ್ಯಸೇವೆಯು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೊಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ನಿರ್ಣಯಿಸಿದಂದಿನಿಂದ ಇಂಥ ದೂರುಗಳು ಗ್ರಾಹಕ ಆಯೋಗಗಳ ಮುಂದೆಯೂ ಬರುತ್ತಿವೆ. ವೈದ್ಯರನ್ನು ಕ್ರಿಮಿನಲ್ ಅಪರಾಧಕ್ಕೆ ಗುರಿಮಾಡಲು ಅತಿಘೋರವಾದ ನಿರ್ಲಕ್ಷ್ಯವೇ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ವಿಧಿಸಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ ದೂರಿನ ಅವಧಿ ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಸಾಕಷ್ಟು ಕಾರಣ ತೋರಿಸಿದಲ್ಲಿ ಆಯೋಗವು ತಡವನ್ನು ಮನ್ನಿಸಬಹುದು.