ಮೆಕಾಲೆ ಆಡದ ಮಾತು, ಬರೆದ ಮಾತು

ಕನ್ನಡ ಶಾಲೆಗಳ ಅಳಿವು-ಉಳಿವಿನ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಗಡಿನಾಡಿನ ವೇದಿಕೆಗಳಲ್ಲಿ ಮೆಕಾಲೆಯ ಹೆಸರು ಕೇಳಿಬರುತ್ತದೆ. 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆತ ಆಡಿದನೆನ್ನುವ ಒಂದು ಮಾತನ್ನು ಉದ್ಧರಿಸುವುದು ವಾಡಿಕೆಯಾಗಿಬಿಟ್ಟಿದೆ. ಭಾರತದ ಉದ್ದಗಲ ಸಂಚರಿಸಿದ ತನಗೆ ಒಬ್ಬ ಭಿಕ್ಷುಕನಾಗಲಿ, ಕಳ್ಳನಾಗಲಿ ಕಾಣಲಿಲ್ಲ. ಈ ದೇಶದ ಬೆನ್ನೆಲುಬಾದ ಆಧ್ಯಾತ್ಮಿಕ, ಸಾಂಸ್ಕೃತಿಕ ಪರಂಪರೆಯನ್ನು ಮುರಿಯದೆ ಇದನ್ನು ಗೆಲ್ಲಲಾಗದು. ಆದುದರಿಂದ ಇಲ್ಲಿನ ಹಳೆಯ ಶಿಕ್ಷಣಕ್ರಮವನ್ನೇ ಬದಲಾಯಿಸಬೇಕು ಎಂಬುದು ಅದರ ಸಾರ.

ಈ ಲೇಖಕನೂ ಹಿಂದೊಮ್ಮೆ ರಾಜ್ಯೋತ್ಸವದ ಸಭೆಯಲ್ಲಿ ಅದನ್ನು ಆವೇಶದಿಂದ ಹೇಳಿ ಚಪ್ಪಾಳೆ ಗಿಟ್ಟಿಸಿದವನೇ. ಸಭೆ ಮುಗಿದ ಮೇಲೆ ಪ್ರೌಢಶಾಲೆಯ ಹುಡುಗಿಯೊಬ್ಬಳು ಬಂದು, "ಸರ್, ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇದ್ದನೇ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಕಂಡುಕೊಂಡದ್ದನ್ನು ಇಲ್ಲಿ ನಿವೇದಿಸಿದ್ದೇನೆ.

ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಗವರ್ನರ್ ಜನರಲ್ಲರ ಮಂಡಳಿಯ ಕಾನೂನು ಸದಸ್ಯನಾಗಿ ನೇಮಕಗೊಂಡು, ಪಾರ್ಲಿಮೆಂಟಿನ ಸ್ಥಾನವನ್ನು ತ್ಯಜಿಸಿ, 1834ರ ಜೂನ್ 10ರಂದು ಮದ್ರಾಸಿನಲ್ಲಿ ಇಳಿದನು. ಇಂಗ್ಲೆಂಡಿಗೆ ಮರಳಿದ್ದು 1838ರಲ್ಲಿ. ಆ ನಡುವಣ ಯಾವ ದಿನವೂ ಆತ ಪಾರ್ಲಿಮೆಂಟಿನಲ್ಲಿ ಭಾಷಣ ಮಾಡಿರಲು ಸಾಧ್ಯವಿಲ್ಲ. ಅಷ್ಟೇ ಅಲ್ಲ, 1834ರ ಡಿಸೆಂಬರಿನಲ್ಲಿ ವಿಸರ್ಜನೆಗೊಂಡ ಪಾರ್ಲಿಮೆಂಟು ಚುನಾವಣೆಯ ನಂತರ ಮತ್ತೆ ಸೇರಿದ್ದು 1835ರ ಫೆಬ್ರವರಿ 19ರಂದು. ಹೇಳಲಾದ ಆ ದಿನ ಭಾಷಣಕಾರನೂ ಅಲ್ಲಿರಲಿಲ್ಲ, ಸಭೆಯೂ ಇರಲಿಲ್ಲ.

ಭಾರತದ ಉದ್ದಗಲ ಸಂಚರಿಸಿದನೆಂಬ ಮಾತನ್ನೂ ಪರಿಶೀಲಿಸೋಣ. ಇದು ನಮ್ಮ ನೆಲಕ್ಕೇ ಸೇರಿದ ಕಥೆ. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಆಗ ಉದಕಮಂಡಲದಲ್ಲಿದ್ದ ಕಾರಣ ಮೆಕಾಲೆಯನ್ನು ಅಲ್ಲಿಗೇ ಕರೆಸಿಕೊಂಡನು. ಮದ್ರಾಸಿನಿಂದ ಸುಮಾರು 400 ಮೈಲಿಗಳ ಹಾದಿಯನ್ನು ಬೋಯಿಗಳು ಹೊತ್ತ ಪಲ್ಲಕ್ಕಿಯಲ್ಲಿ, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ಆತ ಕ್ರಮಿಸಿದನು. ಶ್ರೀರಂಗಪಟ್ಟಣದ ಮೇಲೆ ಅವನಿಗೆ ಬಾಲ್ಯದಿಂದಲೂ ಕುತೂಹಲ. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಅಲ್ಲಿ ನಾಲ್ಕು ವರ್ಷ ಸೆರೆಯಲ್ಲಿದ್ದವನು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡನು. ಮಳೆಗಾಲವನ್ನು ನೀಲಗಿರಿಯಲ್ಲಿ ಕಳೆದು, ಮತ್ತೆ ಮದ್ರಾಸಿಗೆ ಇಳಿದು, ಸೆಪ್ಟೆಂಬರಿನಲ್ಲಿ ಹಡಗಿನಲ್ಲಿ ಕಲ್ಕತ್ತ ಸೇರಿದನು. ಅಲ್ಲಿಗೆ ಅವನ ದೇಶಸಂಚಾರ ಮುಗಿಯಿತು. ಭಾರತವನ್ನು ಅವನು ನೆಲದ ಮೇಲೆ ಕಂಡದ್ದು ಬಹುಪಾಲು ತಮಿಳು, ಕನ್ನಡ ಸೀಮೆಗಳ ಒಂದು ಹಾದಿಯಲ್ಲಿ ಮಾತ್ರ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಅದರ ನುಡಿಗಟ್ಟೇ ಅದರ ಕಾಲವನ್ನು ಬಿಟ್ಟುಕೊಡುತ್ತದೆ. ರಾಷ್ಟ್ರದ ಬೆನ್ನೆಲುಬು, ಸಾಂಸ್ಕೃತಿಕ ಪರಂಪರೆ ಮುಂತಾದವು ಇಪ್ಪತ್ತನೆಯ ಶತಮಾನದ ಬರಹಗಳ ಪದಸಂಪತ್ತು. ಮೆಕಾಲೆಯ ಇಂಗ್ಲಿಷಿನ ನಡೆ ಬೇರೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡು, ಅಂತರ್ಜಾಲದ ಕಾಲದಲ್ಲಿ ಇದು ಎಲ್ಲೆಡೆ ಹಬ್ಬಿತು. ಅಚ್ಚಾದ ಒಂದು ಕಡೆ ಅವನ ಮಾತಿನ ಆಶಯ ಹೀಗಿತ್ತು ಎಂಬ ಅರ್ಥದ ಪೀಠಿಕೆಯೂ ಇದ್ದಿತು. ನಕಲು ಮಾಡಿದವರು ಆ ಪೀಠಿಕೆಯನ್ನು ಕೈಬಿಟ್ಟು ಉದ್ಧರಣ ಚಿಹ್ನೆಗಳನ್ನು ತೊಡಿಸಿದರು. ವಿಮರ್ಶಕರ ತೀರ್ಮಾನವೊಂದು ಆರೋಪಿಯ ತಪ್ಪೊಪ್ಪಿಗೆಯಾಗಿ ಮಾರ್ಪಟ್ಟದ್ದು ಹೀಗೆ.

ಆದರೆ 1835ರ ಫೆಬ್ರವರಿ 2 ಎಂಬ ದಿನಾಂಕ ಸುಳ್ಳಲ್ಲ. ಮೆಕಾಲೆ ತನ್ನ ಪ್ರಸಿದ್ಧ ಶಿಕ್ಷಣ ಟಿಪ್ಪಣಿಯನ್ನು ಕಲ್ಕತ್ತದಲ್ಲಿ ಸಲ್ಲಿಸಿದ ದಿನ ಅದೇ. 1813ರ ಸನದು ಕಾಯಿದೆಯು ವಿದ್ಯಾಭಿವೃದ್ಧಿಗೆ ವರ್ಷಕ್ಕೆ ಕನಿಷ್ಠ 1 ಲಕ್ಷ ರೂಪಾಯಿಯನ್ನು ತೆಗೆದಿರಿಸಿತ್ತು. ಆ ಹಣ ಸಂಸ್ಕೃತ, ಅರಬ್ಬಿ ವಿದ್ಯೆಗೋ ಇಂಗ್ಲಿಷಿಗೋ ಎಂಬ ವಿಷಯದಲ್ಲಿ ಶಿಕ್ಷಣ ಸಮಿತಿಯ ಸದಸ್ಯರು ಸಮಸಮನಾಗಿ ಒಡೆದಿದ್ದರು. ಮೆಕಾಲೆ ಇಂಗ್ಲಿಷಿನ ಪರ ವಾದಿಸಿದನು. ತನಗೆ ಸಂಸ್ಕೃತವೂ ಅರಬ್ಬಿಯೂ ಬಾರದೆಂದು ಒಪ್ಪಿಕೊಂಡೇ, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದೇ ಕಪಾಟು ಭಾರತ, ಅರಬ್ ದೇಶಗಳ ಸಕಲ ಸಾಹಿತ್ಯಕ್ಕೆ ಸಮವೆಂದು ತೂಗಿದನು. ಮಾರ್ಚ್ 7ರಂದು ಬೆಂಟಿಂಕ್ ಅದಕ್ಕೆ ಅನುಗುಣವಾದ ಆಜ್ಞೆ ಹೊರಡಿಸಿದನು.

ಸುಳ್ಳು ಮಾತಿನ ಮೆಕಾಲೆ ನಮ್ಮ ಹಿರಿಮೆಯನ್ನು ಕಂಡು ಬೆರಗಾಗಿ ಸಂಚು ಹೂಡುವವನು. ನಿಜವಾದ ಮೆಕಾಲೆಗೆ ಆ ಹಿರಿಮೆ ಕಾಣಿಸಲೇ ಇಲ್ಲ. ಮೊದಲನೆಯದು ನಮ್ಮ ಅಭಿಮಾನಕ್ಕೆ ಹಿತ, ನೋಯಿಸುವುದು ಎರಡನೆಯದು. ದೇಶಭಾಷೆಗಳಲ್ಲಿ ಸಾಹಿತ್ಯವಾಗಲಿ ಶಾಸ್ತ್ರಜ್ಞಾನವಾಗಲಿ ಇಲ್ಲವೆಂಬುದನ್ನು ಎಲ್ಲ ಪಕ್ಷಗಳೂ ಒಪ್ಪಿವೆಯೆಂದು ಆತ ಒಂದೇ ಮಾತಿನಲ್ಲಿ ತಳ್ಳಿಹಾಕಿದನು. ಆತ ಹಾದುಹೋದ ಮೈಸೂರಿನ ಅದೇ ದೊರೆಯ ಆಶ್ರಯದಲ್ಲಿ ಕೆಂಪುನಾರಾಯಣನು 1823ರಲ್ಲಿಯೇ 'ಮುದ್ರಾಮಂಜೂಷ'ವೆಂಬ ಗದ್ಯಕೃತಿಯನ್ನು ರಚಿಸಿದ್ದನು. ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಗಿತ್ತು. ಆತ ತಿಂಗಳುಗಟ್ಟಲೆ ತಂಗಿದ್ದ ಬೆಟ್ಟಗಳ ಸುತ್ತ ಬಡಗರ ಹಟ್ಟಿಗಳಿದ್ದವು. 1846ರಲ್ಲಿ ಅಲ್ಲಿನ ಕೇತಿಗೆ ಬಂದ ಬಾಸೆಲ್ ಮಿಷನ್ನಿನವರು ಅದೇ ಜನರ ನಡುವೆ ಕನ್ನಡದಲ್ಲಿಯೇ ಕೆಲಸ ನಡೆಸಿದರು. ಕಲಿಯಬಯಸಿದ ವಿದೇಶೀಯರಿಗೆ ಕನ್ನಡ ಕಂಡಿತು. ಪಲ್ಲಕ್ಕಿಯಲ್ಲಿ ಹೋದವನಿಗೆ ಕಾಣಲಿಲ್ಲ.

ಟಿಪ್ಪಣಿಯ ಇನ್ನೊಂದು ಭಾಗವನ್ನು ನಾವು ಓದುವುದೇ ಇಲ್ಲ. ರಕ್ತದಿಂದ ಭಾರತೀಯರೂ ಅಭಿರುಚಿಯಿಂದ ಆಂಗ್ಲರೂ ಆದ ಒಂದು ವರ್ಗವನ್ನು ಸೃಷ್ಟಿಸಬೇಕೆಂಬ ಮಾತು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ, ದೇಶಭಾಷೆಗಳನ್ನು ತಿದ್ದಿ, ಪಾರಿಭಾಷಿಕ ಪದಗಳಿಂದ ತುಂಬಿ, ಜನಸಾಮಾನ್ಯರಿಗೆ ಜ್ಞಾನ ತಲುಪಿಸಲು ಅವನ್ನು ಅಣಿಗೊಳಿಸುವ ಕೆಲಸವನ್ನು ಆ ವರ್ಗಕ್ಕೆ ಬಿಡಬಹುದು ಎಂದೂ ಆತ ಬರೆದನು. ಇಂಗ್ಲಿಷ್ ಕಲಿತ ವರ್ಗವೇನೋ ಬೆಳೆಯಿತು. ಆ ವರ್ಗಕ್ಕೆ ಸೇರಿದವರಲ್ಲಿ ನಾವೂ ಇದ್ದೇವೆ, ನಮ್ಮ ಮಕ್ಕಳೂ ಇದ್ದಾರೆ. ಬಿಟ್ಟುಕೊಟ್ಟ ಕೆಲಸವನ್ನು ನಾವೆಷ್ಟು ಮಾಡಿದೆವು ಎಂಬ ಪ್ರಶ್ನೆಗೆ ಮೆಕಾಲೆಯನ್ನು ಬೈದು ಉತ್ತರಿಸಲಾಗದು.

ಗಡಿನಾಡಿನಲ್ಲಿ ಕನ್ನಡ ಶಾಲೆ ಬೇಕೆಂದು ಮನವಿ ಕೊಡುವ ನಮಗೆ ದಾಖಲೆಯೇ ಬಲ. ಒಂದು ಸುಳ್ಳು ಉದ್ಧರಣೆ ನುಸುಳಿದರೆ ಎದುರಿನವನು ಅದನ್ನೇ ಹಿಡಿದು ನಮ್ಮ ನೂರು ನಿಜಗಳನ್ನು ತಳ್ಳಿಹಾಕಬಲ್ಲನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಯಾರು, ಎಲ್ಲಿ, ಎಂದು ಹೇಳಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಪಾಂಡಿತ್ಯ ಬೇಕಿಲ್ಲ. ಸಭೆಯ ಕೊನೆಯಲ್ಲಿ ಎದ್ದುಬಂದ ಆ ಹುಡುಗಿಗೆ ಇದ್ದ ಧೈರ್ಯ ಸಾಕು.