ಡಿಮೆನ್ಷಿಯಾ ಆರೈಕೆಯ ಸಿಮ್ಯುಲೇಶನ್ ತರಬೇತಿ

ಡಿಮೆನ್ಷಿಯಾ ಆರೈಕೆಯ ಸಿಮ್ಯುಲೇಶನ್ ತರಬೇತಿಯು ವಾಕ್-ಭಾಷಾ ಚಿಕಿತ್ಸೆಯ ವಿದ್ಯಾರ್ಥಿಗಳು ಮರೆಗುಳಿ ಕಾಯಿಲೆಯುಳ್ಳವರೊಡನೆ ಸಂವಹನ ನಡೆಸುವುದನ್ನು ಕೃತಕ ಸನ್ನಿವೇಶದಲ್ಲಿ ಅಭ್ಯಾಸ ಮಾಡುವ ಬೋಧನಾ ವಿಧಾನವಾಗಿದೆ. ರೋಗಕ್ಕಿಂತ ವ್ಯಕ್ತಿಗೆ ಆದ್ಯತೆ ನೀಡುವ ವ್ಯಕ್ತಿಕೇಂದ್ರಿತ ಆರೈಕೆ ಇದರ ತಳಹದಿ.

ಹಿನ್ನೆಲೆ

ಡಿಮೆನ್ಷಿಯಾವು ನೆನಪಿನ ಜೊತೆಗೆ ಪದಗಳನ್ನು ಹುಡುಕುವ ಮತ್ತು ಸಂಭಾಷಣೆಯನ್ನು ಮುಂದುವರಿಸುವ ಸಾಮರ್ಥ್ಯವನ್ನೂ ಕುಗ್ಗಿಸುತ್ತದೆ. ಮುಂದುವರಿದ ಹಂತದಲ್ಲಿ ಆಹಾರ ನುಂಗುವುದೂ ಕಷ್ಟವಾಗುತ್ತದೆ. ಇವೆರಡೂ ವಾಕ್-ಭಾಷಾ ತಜ್ಞರ ಕಾರ್ಯಕ್ಷೇತ್ರಕ್ಕೆ ಸೇರಿವೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ವ್ಯಕ್ತಿಕೇಂದ್ರಿತ ಆರೈಕೆಯ ಪರಿಕಲ್ಪನೆಯನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ತಮ್ಮ ಕೃತಿಯಲ್ಲಿ ವಿವರಿಸಿದರು. ರೋಗಿಯ ಪಾತ್ರ ವಹಿಸಲು ಜನರನ್ನು ತರಬೇತುಗೊಳಿಸಿ ವೈದ್ಯಕೀಯ ಶಿಕ್ಷಣದಲ್ಲಿ ಬಳಸುವ ಕ್ರಮವನ್ನು ಅಮೆರಿಕದ ಹೊವಾರ್ಡ್ ಬ್ಯಾರೋಸ್ 1963ರಲ್ಲಿ ಆರಂಭಿಸಿದರು.

ವಿಧಾನ

ತರಬೇತಿಯು ಪೂರ್ವಸಿದ್ಧತೆ, ಸನ್ನಿವೇಶ ಮತ್ತು ಅವಲೋಕನ ಚರ್ಚೆ ಎಂಬ ಮೂರು ಹಂತಗಳಲ್ಲಿ ನಡೆಯುತ್ತದೆ. ಉದಾಹರಣೆಗೆ, ಪಾತ್ರಧಾರಿಯು ಎಂದೋ ತೀರಿಕೊಂಡ ತಾಯಿಯ ಬಳಿಗೆ ಹೋಗಬೇಕೆಂದು ಹಟ ಹಿಡಿಯಬಹುದು. "ಅವರು ಈಗಿಲ್ಲ" ಎಂದು ತಿದ್ದಿದರೆ ವೃದ್ಧರಿಗೆ ಸಾವಿನ ಸುದ್ದಿಯನ್ನು ಹೊಸದಾಗಿ ಕೇಳಿದಷ್ಟೇ ದುಃಖವಾಗಬಹುದು. ಬದಲಿಗೆ ತಾಯಿಯ ಕುರಿತು ಮಾತನಾಡಿಸಿ, ಆ ಮಾತಿನ ಹಿಂದಿರುವ ಭಯ ಅಥವಾ ಒಂಟಿತನವನ್ನು ಗುರುತಿಸುವುದನ್ನು ವಿದ್ಯಾರ್ಥಿ ಕಲಿಯುತ್ತಾನೆ. ಇಲ್ಲಿ ತಪ್ಪಿದರೆ ನಿಜವಾದ ರೋಗಿಗೆ ನೋವಾಗುವುದಿಲ್ಲ, ಸನ್ನಿವೇಶವನ್ನು ಪುನರಾವರ್ತಿಸಬಹುದು.

ಕರ್ನಾಟಕದ ಸಂದರ್ಭ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಸ್ಥಾಪನೆ 1965) ಈ ಕ್ಷೇತ್ರದಲ್ಲಿ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣ ನೀಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರಿವಿನ ಪರೀಕ್ಷಾ ಸಾಧನವು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಲಭ್ಯವಿದೆ.

ಆದರೆ ಕನ್ನಡದ ಒಂದೇ ರೂಪದ ಸನ್ನಿವೇಶ ಎಲ್ಲ ಜಿಲ್ಲೆಗಳಿಗೂ ಹೊಂದುವುದಿಲ್ಲ. ಬೀದರ್ ಜಿಲ್ಲೆಯಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು ಮತ್ತು ತೆಲುಗು ಬಳಕೆಯಲ್ಲಿವೆ. ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂತಹ ಊರಿನ ಹಿರಿಯ ರೈತನ ಪಾತ್ರವನ್ನು ರೂಪಿಸುವಾಗ ಅಲ್ಲಿನ ಆಡುಮಾತು, ಜೋಳದ ರೊಟ್ಟಿ, ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಉಣ್ಣುವ ಭಜ್ಜಿ ಇವು ಸಂಭಾಷಣೆಗೆ ಆಧಾರವಾಗಬಲ್ಲವು. ಪರಿಚಿತವಲ್ಲದ ಪದಕ್ಕೆ ಉತ್ತರ ಬಾರದಿದ್ದರೆ ಅದನ್ನು ಮರೆವೆಂದು ತಪ್ಪಾಗಿ ಎಣಿಸುವ ಅಪಾಯವಿದೆ.

ಮಿತಿಗಳು

ಪಾತ್ರಧಾರಣೆಯು ಅಣಕವಾಗುವ ಸಾಧ್ಯತೆಯಿರುವುದರಿಂದ ಸನ್ನಿವೇಶ ರಚನೆಯಲ್ಲಿ ರೋಗಿಗಳನ್ನೂ ಅವರ ಕುಟುಂಬದವರನ್ನೂ ಒಳಗೊಳ್ಳುವುದು ಅಪೇಕ್ಷಣೀಯ. ಸಿಮ್ಯುಲೇಶನ್ ನೇರ ಚಿಕಿತ್ಸಾ ಅನುಭವಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಅಮೆರಿಕದ ವೃತ್ತಿ ಪ್ರಮಾಣೀಕರಣ ನಿಯಮಗಳು 2016ರಿಂದ ನೇರ ಸಂಪರ್ಕದ 375 ಗಂಟೆಗಳಲ್ಲಿ ಗರಿಷ್ಠ 75 ಗಂಟೆಗಳನ್ನು ಮಾತ್ರ ಈ ವಿಧಾನದಲ್ಲಿ ಪೂರೈಸಲು ಅವಕಾಶ ನೀಡಿವೆ.