ರೂಟು ಯಾರ ಕೈಲಿ?

ಡಬ್ಲಿನ್ನಿಗೆ ಹೋದ ಕನ್ನಡಿಗರ ಕಿವಿಗೆ 'ರೂಟ್' ಹೊಸದಲ್ಲ. ಬಸ್ಸಿನ ದಾರಿಗೆ ಅಲ್ಲಿನವರೂ ನಮ್ಮ ಹಾಗೆ ರೂಟ್ ಅಂತಲೇ ಅನ್ನುತ್ತಾರೆ. ಬೇರಿಗೂ ಅದೇ ಸದ್ದು, ಹಲ್ಲಿನ ಡಾಕ್ಟರ ರೂಟ್ ಕೆನಾಲಿಗೂ ಅದೇ. ಲಿನಕ್ಸ್ ಹಾಕಲು ಕೂತವರಿಗೆ ಎದುರಾಗುವ ರೂಟ್ ಮಾತ್ರ ಬೇರೆ ಜಾತಿಯದು: ಅದು ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಬಳಕೆದಾರನ ಹೆಸರು.

ಹೆಸರು ಯುನಿಕ್ಸ್ ಕಾಲದ್ದು. ಕಡತಗಳ ಮರಕ್ಕೆ ಬುಡವಾದ '/' ಡೈರೆಕ್ಟರಿಯೇ ಆಗ ಆ ಬಳಕೆದಾರನ ಮನೆ. ಹೆಸರು ಬಂದದ್ದೂ ಅಲ್ಲಿಂದಲೇ ಎನ್ನುವುದು ವಾಡಿಕೆಯ ವಿವರಣೆ. ಯಂತ್ರ ನೋಡುವುದು ಹೆಸರನ್ನಲ್ಲ, ಅದರ ಹಿಂದಿನ 0 ಎಂಬ ಗುರುತಿನ ಸಂಖ್ಯೆಯನ್ನು. ಸೊನ್ನೆಗೆ ಇಷ್ಟು ಅಧಿಕಾರ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಡಬ್ಲಿನ್ ಸಿಟಿ ಯೂನಿವರ್ಸಿಟಿಯಲ್ಲಿ 1996ರಲ್ಲಿ ಶುರುವಾದ ರೆಡ್‌ಬ್ರಿಕ್ ಎಂಬ ವಿದ್ಯಾರ್ಥಿಗಳ ಸಂಘದಲ್ಲಿ ರೂಟ್ ಎಂಬುದೊಂದು ಹುದ್ದೆಯೇ ಆಯಿತು. ಸಂಘದ ಸರ್ವರುಗಳನ್ನು ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತಾರೆ. ಅಡ್ಮಿನ್‌ಗಳನ್ನು ಸದಸ್ಯರು ಆರಿಸುತ್ತಾರೆ. ರೂಟ್‌ನ ಕೀಲಿ ಇರುವವರಿಗೆ 'ರೂಟ್‌ಹೋಲ್ಡರ್' ಎಂದು ಹೆಸರು. ಗೆಳೆಯರ ಮೇಲ್‌ಗಳೆಲ್ಲ ಅದೇ ಯಂತ್ರದಲ್ಲಿದ್ದಾಗ, ಮನಸ್ಸು ಮಾಡಿದರೆ ಎಲ್ಲವನ್ನೂ ಓದಬಲ್ಲವನು ಯಾರೆಂದು ಎಲ್ಲರಿಗೂ ಗೊತ್ತಿರುವುದು ಒಳ್ಳೆಯದೇ.

ಈಚಿನ ಲಿನಕ್ಸ್‌ಗೆ ಆ ಹುದ್ದೆಯ ಮೇಲೆ ಮೊದಲಿನ ಮೋಹವಿಲ್ಲ. 2004ರಲ್ಲಿ ಹೊರಬಂದ ಉಬುಂಟು, ರೂಟ್‌ಗೆ ಪಾಸ್‌ವರ್ಡನ್ನೇ ಕೇಳದೆ ಮೊದಲ ಬಳಕೆದಾರನಿಗೆ ಸೂಡೊ ಕೊಟ್ಟುಬಿಟ್ಟಿತು. ಅಂದರೆ ರೂಟ್ ಆಗಿ ಕೂರುವುದು ಬೇಡ, ಬೇಕಾದಾಗ ಒಂದು ಕಮಾಂಡಿನ ಮಟ್ಟಿಗೆ ಕಡ ತಂದರೆ ಸಾಕು. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನ ಇನ್‌ಸ್ಟಾಲರ್ ಈಗಲೂ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಆ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟರೆ ರೂಟ್ ಖಾತೆ ಜೀವಂತವಾಗುತ್ತದೆ, ಆದರೆ ಮೊದಲ ಬಳಕೆದಾರನಿಗೆ ಸೂಡೊ ಸಿಗುವುದಿಲ್ಲ. ಖಾಲಿ ಬಿಟ್ಟರೆ ರೂಟ್ ಖಾತೆ ಮುಚ್ಚಿರುತ್ತದೆ, ಸೂಡೊ ತಾನಾಗಿ ಬರುತ್ತದೆ. ಇದು ಗೊತ್ತಿಲ್ಲದೆ ರೂಟಿನದು, ತಮ್ಮದು ಎರಡೂ ಪಾಸ್‌ವರ್ಡುಗಳನ್ನು ಶ್ರದ್ಧೆಯಿಂದ ತುಂಬಿದವರಿಗೆ, ಆಮೇಲೆ ಸೂಡೊ ಎಂದು ಟೈಪಿಸಿದ ಕೂಡಲೇ 'ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ' ಎಂಬ ಅರ್ಥದ ಉತ್ತರ ಸಿಗುತ್ತದೆ. ಸ್ವಂತ ಲ್ಯಾಪ್‌ಟಾಪ್, ಸ್ವಂತ ದುಡ್ಡು, ಆದರೂ ಪಟ್ಟಿಯಲ್ಲಿಲ್ಲ! ಆಗ 'ಎಸ್‌ಯು' ಕೊಟ್ಟು ರೂಟ್ ಆಗಬೇಕು. ಕರ್ಸರಿನ ಪಕ್ಕದ $ ಹೋಗಿ # ಬಂದ ಮೇಲೆ ಬಳಕೆದಾರನನ್ನು ಸೂಡೊ ಗುಂಪಿಗೆ ಸೇರಿಸಬೇಕು.

ಪದ ಅಷ್ಟಕ್ಕೇ ನಿಲ್ಲಲಿಲ್ಲ. ಅಮೆಜಾನ್ 2008ರ ಡಿಸೆಂಬರಿನಲ್ಲಿ ತನ್ನ ಬಾಡಿಗೆ ಸರ್ವರುಗಳನ್ನು ಯೂರೋಪಿಗೆ ತಂದದ್ದು ಐರ್ಲೆಂಡಿನ ಮೂಲಕ. ಬೆಂಗಳೂರಿನಲ್ಲಿ ಕೂತು ಐರ್ಲೆಂಡಿನ ಲಿನಕ್ಸ್ ಸರ್ವರಿಗೆ ಲಾಗಿನ್ ಆಗುವವರು ಒಳಹೋಗುವುದು ಸಾಮಾನ್ಯವಾಗಿ 'ಉಬುಂಟು' ಅಥವಾ 'ಇಸಿ2-ಯೂಸರ್' ಹೆಸರಿನಲ್ಲಿ. ಅಮೆಜಾನಿನವರ ಬಾಯಲ್ಲಿ 'ರೂಟ್ ಯೂಸರ್' ಎಂದರೆ ಯಂತ್ರದ ಒಡೆಯನಲ್ಲ, ಬಿಲ್ಲು ಬರುವ ಇಡೀ ಖಾತೆಯ ಒಡೆಯ. ದಿನನಿತ್ಯದ ಕೆಲಸಕ್ಕೆ ಅದನ್ನು ಮುಟ್ಟಬೇಡಿ ಎಂದು ಕಂಪನಿಯೇ ಹೇಳುತ್ತದೆ.

ಮನೆಯ ಯಂತ್ರಕ್ಕೆ ಡೆಬಿಯನ್ ಹಾಕುವವರು ರೂಟ್ ಪಾಸ್‌ವರ್ಡಿನ ಪರದೆಯನ್ನು ಖಾಲಿ ಬಿಡುವುದೇ ವಾಸಿ. ಒಂದು ತೊಡಕುಂಟು: ಯಂತ್ರ ಕೆಟ್ಟು ರೆಸ್ಕ್ಯೂ ಮೋಡ್‌ಗೆ ಹೋದಾಗ ರೂಟ್ ಖಾತೆ ಮುಚ್ಚಿದೆ ಎಂದು ಹಟ ಹಿಡಿಯಬಹುದು. ಅಂಥ ಹೊತ್ತಿಗೆಂದು ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಒರೆಸದೆ ಎತ್ತಿಡಿ.